ಅಜ್ಜ ಡಿಕ್ಲರೇಶನ್ ಹಾಕಲಿಲ್ಲ: ಜನ ತಮ್ಮ ಲಾಭ ಬಿಟ್ಟು ಯಾಕೆ ಮತ ಹಾಕುತ್ತಾರೆ?

ಪಾಂಗಾಳದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಪ್ರತಿ ಸಲ ಮತ ಎಣಿಕೆ ಮುಗಿದ ಮರುದಿನ ಕೌಂಟರಿನ ಆಚೆ ಕಡೆ ಒಂದೇ ಮಾತು ಕೇಳುತ್ತೇನೆ. "ಈ ಜನಕ್ಕೆ ತಮ್ಮ ಒಳ್ಳೆಯದು ಯಾವುದು ಅಂತಲೇ ಗೊತ್ತಿಲ್ಲ." ಹೇಳುವವರು ಮಾತ್ರ ಬದಲಾಗುತ್ತಾರೆ. ಆ ಸಲ ಯಾರು ಸೋತರೋ ಅವರು ಹೇಳುತ್ತಾರೆ.

ಆ ಮಾತು ಕೇಳಿದಾಗ ನನಗೆ ಅಜ್ಜನ ನೆನಪು ಬರುತ್ತದೆ. ಅದು ಮತದ ಕಥೆ ಅಲ್ಲ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧನಿಗಳ (ಜಮೀನ್ದಾರರ) ಗದ್ದೆಯನ್ನು ಗೇಣಿಗೆ ಮಾಡುವವರು. ಎರಡು ಎಕ್ರೆಗೆ ಸ್ವಲ್ಪ ಕಡಿಮೆ ಗದ್ದೆ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧನಿಗಳ ಮನೆಗೆ ಅಳೆಯಬೇಕಿತ್ತು. ಬೆಳೆ ಕೈಕೊಟ್ಟ ವರ್ಷವೂ ಅಳೆಯಬೇಕಿತ್ತು. ಆಮೇಲೆ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಒಕ್ಕಲು ಫಾರಂ ನಂಬರ್ 7 ತುಂಬಿಸಿ ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಭೂಮಿಯನ್ನು ಅವನ ಹೆಸರಿಗೆ ಮಾಡುತ್ತಿತ್ತು. ನಮ್ಮ ಕಡೆ ಇದಕ್ಕೆ 'ಡಿಕ್ಲರೇಶನ್ ಹಾಕುವುದು' ಎಂದೇ ಹೆಸರು. ಕೊನೆಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ಬಂದು ನಿಂತಿತು. ಐದು ವರ್ಷಕ್ಕಿಂತ ಜಾಸ್ತಿ ಸಮಯ ಇತ್ತು.

ಅಜ್ಜ ಹಾಕಲಿಲ್ಲ.

ಪಕ್ಕದ ಗದ್ದೆಯವರು ಹಾಕಿದರು. ಅವರಿಗೆ ಸಿಕ್ಕಿತು. ಅವರ ಮಕ್ಕಳು ಇವತ್ತು ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಕೊಂಡಿದ್ದಾರೆ. ಅಜ್ಜನನ್ನು ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟೇ. "ಧನಿಗಳ ಚಾವಡಿಯಲ್ಲಿ ದೈವದ ಎದುರು ಮಾತು ಕೊಟ್ಟಿದ್ದೇನೆ. ಅವರ ಅನ್ನ ತಿಂದಿದ್ದೇನೆ. ಅವರ ಮೇಲೆ ಕಾಗದ ಹಾಕಲಿಕ್ಕೆ ನನ್ನಿಂದ ಆಗುವುದಿಲ್ಲ." ಮುಂದೆ ಧನಿಗಳ ಮನೆಯವರು ಆ ಗದ್ದೆ ಮಾರಿದರು. ನಾವು ಸರ್ಕಾರಿ ಜಾಗದಲ್ಲಿ ಒಂದು ಗುಡಿಸಲು ಹಾಕಿಕೊಂಡೆವು. ಅಮ್ಮ ಬೀಡಿ ಕಟ್ಟಿ ನನ್ನನ್ನು ಬಿ.ಕಾಂ. ಓದಿಸಿದರು.

ಅಜ್ಜ ದಡ್ಡರಾಗಿರಲಿಲ್ಲ. ಗದ್ದೆಯ ಬೆಲೆ ಅವರಷ್ಟು ಗೊತ್ತಿದ್ದವರು ಆ ಊರಲ್ಲೇ ಕಡಿಮೆ. ಹಾಗಾದರೆ ಯಾಕೆ? ಇವತ್ತು ತಮ್ಮ ಲಾಭ ಬಿಟ್ಟು ಮತ ಹಾಕುವವರದ್ದೂ ಇದೇ ಕಥೆಯಾ? ಬೈಯದೆ ಮಾತಾಡೋಣ ಎಂದು ಕೇಳುತ್ತಿದ್ದೇನೆ.

ನಿವೃತ್ತ ಬ್ಯಾಂಕಿನವ

ಅಕ್ಕ, ನಿಮ್ಮ ಅಜ್ಜನ ಹಾಗಿನವರು ನಮ್ಮ ಊರಲ್ಲೂ ಇದ್ದರು. ಕೆಲವರು ಹೆದರಿ ಹಾಕಲಿಲ್ಲ. ಕೆಲವರು ಮಾತಿಗೆ ಕಟ್ಟುಬಿದ್ದು ಹಾಕಲಿಲ್ಲ. ಇನ್ನು ಕೆಲವರು ಮಂಡಳಿಯ ಎದುರು ಹೋಗಿ, ನಾವು ಒಕ್ಕಲು ಅಲ್ಲ, ಕೂಲಿಯಾಳು ಎಂದು ತಾವೇ ಹೇಳಿ ಬಂದರು. ಇದನ್ನೆಲ್ಲ ನೋಡಿ ಬೆಳೆದವ ನಾನು.

ಆದರೆ ನನ್ನನ್ನು ಕಾಡುವುದು 2019. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು. ಕರಾವಳಿಯ ರೈತರ ಕೈಗೆ ಸಾಲ ಸಿಗಬೇಕು ಎಂದು ಹುಟ್ಟಿದ ಬ್ಯಾಂಕು. ಲಾಭದಲ್ಲೇ ಇತ್ತು. ಅದನ್ನು ನಷ್ಟದಲ್ಲಿದ್ದ ದೇನಾ ಬ್ಯಾಂಕಿನ ಜೊತೆ ಸೇರಿಸಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಮಾಡಿದರು. ಜಾರಿಗೆ ಬಂದದ್ದು 2019ರ ಏಪ್ರಿಲ್ 1. ನಮ್ಮ ಜಿಲ್ಲೆಯಲ್ಲಿ ಮತದಾನ ಏಪ್ರಿಲ್ 18. ನಡುವೆ ಇದ್ದದ್ದು ಹದಿನೇಳು ದಿನ. ಬೋರ್ಡು ಹೋಗುತ್ತದೆ ಎಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಮೆರವಣಿಗೆ ಆಯಿತು, ಮನವಿ ಕೊಟ್ಟರು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು.

ಫಲಿತಾಂಶ? ಆಳುವ ಪಕ್ಷದ ಸಂಸದರೇ ಮತ್ತೆ ಗೆದ್ದರು. 2.7 ಲಕ್ಷಕ್ಕಿಂತ ಜಾಸ್ತಿ ಅಂತರದಲ್ಲಿ. ಮರುವರ್ಷ ಏಪ್ರಿಲ್ 1ಕ್ಕೆ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ ಕೆನರಾಕ್ಕೆ ಹೋಯಿತು. ಒಂದು 1906ರದ್ದು, ಒಂದು 1925ರದ್ದು. ಎರಡೂ ಉಡುಪಿಯಲ್ಲಿ ಹುಟ್ಟಿದವು. ನಮ್ಮ ಮಕ್ಕಳಿಗೆ ಊರಲ್ಲೇ ಪ್ರಧಾನ ಕಚೇರಿಯ ಕೆಲಸ ಸಿಗುವ ದಾರಿಗಳು ಒಂದೊಂದಾಗಿ ಮುಚ್ಚಿಹೋದವು.

ಪಕ್ಷ ಯಾವುದು ಎಂಬುದು ನನ್ನ ಪ್ರಶ್ನೆ ಅಲ್ಲ. ಇಷ್ಟು ನೋವು ಮತದ ಪೆಟ್ಟಿಗೆಗೆ ಬರಲೇ ಇಲ್ಲವಲ್ಲ, ಅದು ಎಲ್ಲಿಗೆ ಹೋಯಿತು?

ಬಿಜೈ ಮಾಸ್ಟ್ರು

ಇನ್ನೊಂದು ಬದಿಯ ಉದಾಹರಣೆಯೂ ನಮ್ಮಲ್ಲೇ ಇದೆ. ಜನಾರ್ದನ ಪೂಜಾರಿಯವರು 1977ರಿಂದ ಮಂಗಳೂರಿನಲ್ಲಿ ನಾಲ್ಕು ಸಲ ಗೆದ್ದವರು. 1980ರ ದಶಕದಲ್ಲಿ ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿ ಸಾಲ ಮೇಳ ಮಾಡಿದವರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಬಡವರಿಗೆ ಬ್ಯಾಂಕನ್ನೇ ಮೈದಾನಕ್ಕೆ ತಂದರು. ಆ ಸಾಲದಲ್ಲಿ ಹಸು ಕಟ್ಟಿದವರು, ಹೊಲಿಗೆ ಮೆಷಿನ್ ತಗೊಂಡವರು ಎಷ್ಟೋ ಮಂದಿ. 1991ರಲ್ಲಿ ಅವರು ಸೋತರು. ಮತ್ತೆ ಲೋಕಸಭೆಗೆ ಗೆಲ್ಲಲೇ ಇಲ್ಲ.

ಅರಸರ ಕಥೆ ಇನ್ನೂ ಕಷ್ಟದ್ದು. ಡಿಕ್ಲರೇಶನ್‌ನ ಕೊನೆಯ ದಿನ 1979ರ ಜೂನ್ 30 ಎಂದು ಮೇಲೆ ಬರೆದಿದ್ದೀರಿ. ಅದಾಗಿ ಆರು ತಿಂಗಳಿಗೆ, 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆ ಬಂತು. ಅಷ್ಟರಲ್ಲಿ ಅರಸು ಇಂದಿರಾ ಗಾಂಧಿಯವರಿಂದ ಬೇರೆಯಾಗಿದ್ದರು. ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸಿಗೆ ಹೋಯಿತು, ಒಂದು ಜನತಾ ಪಕ್ಷಕ್ಕೆ. ಅರಸರ ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಪಡೆದವರು ಕೃತಘ್ನರಾ? ನನಗೆ ಹಾಗೆ ಅನಿಸುವುದಿಲ್ಲ. ಆ ಕಾಲದ ಎಷ್ಟೋ ಮನೆಗಳಲ್ಲಿ 'ಭೂಮಿ ಕೊಟ್ಟದ್ದು ಇಂದಿರಮ್ಮ' ಎಂದೇ ನಂಬಿದ್ದರು. ಋಣ ತೀರಿಸಿದ್ದೇವೆ ಎಂದುಕೊಂಡೇ ಅವರು ಮತ ಹಾಕಿದರು. ಒಳ್ಳೆಯದು ಮಾಡುವುದು ಒಬ್ಬರು, ಅದರ ಹೆಸರು ಹೋಗುವುದು ಇನ್ನೊಬ್ಬರಿಗೆ. ಮತದಾರ ಇಲ್ಲಿ ಲೆಕ್ಕ ತಪ್ಪಿದ್ದಲ್ಲ. ಅವನಿಗೆ ಸಿಕ್ಕಿದ ಚೀಟಿಯಲ್ಲೇ ಬೇರೆ ಹೆಸರಿತ್ತು.

ಪುಸ್ತಕದ ಎರಡು ಮಾತು ಹೇಳಿ ಬಿಡುತ್ತೇನೆ. ಆಂಟನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1957ರಲ್ಲೇ ಒಂದು ಲೆಕ್ಕ ಹಾಕಿದ. ಲಕ್ಷಾಂತರ ಮತಗಳಲ್ಲಿ ನನ್ನದು ಒಂದು. ಅದರಿಂದ ಫಲಿತಾಂಶ ತಿರುಗುವ ಸಾಧ್ಯತೆ ಇಲ್ಲವೆಂಬಷ್ಟು ಕಡಿಮೆ. ಹಾಗಿರುವಾಗ ಬಜೆಟ್ಟು, ಕಾಯ್ದೆ ಎಲ್ಲ ಕೂತು ಓದಲು ಯಾರಿಗೆ ಪುರುಸೊತ್ತು? ಓದದೆ ಇರುವುದೂ ಒಂದು ಲೆಕ್ಕವೇ ಎಂದ. 1980ರ ಸುಮಾರಿಗೆ ಕಿಂಡರ್ ಮತ್ತು ಕೀವೀಟ್ ಎಂಬ ಇಬ್ಬರು ಅಮೆರಿಕದ ಮತದಾರರನ್ನು ನೋಡಿ ಇನ್ನೊಂದು ಮಾತು ಹೇಳಿದರು. ಜನ ಮತ ಹಾಕುವಾಗ ಸ್ವಂತ ಜೇಬಿಗಿಂತ ಜಾಸ್ತಿ ದೇಶದ ಹಣಕಾಸು ಹೇಗಿದೆ ಎಂದು ನೋಡುತ್ತಾರೆ. ಅಂದರೆ 'ನನಗೇನು ಸಿಕ್ಕಿತು' ಎಂಬುದು ನಾವು ಅಂದುಕೊಂಡಷ್ಟು ದೊಡ್ಡ ಪ್ರಶ್ನೆ ಅಲ್ಲ.

ಕುಂದಾಪ್ರದ ಟೈಲರಕ್ಕ

ನನ್ನದೇ ಹೇಳುತ್ತೇನೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನನ್ನ ಖಾತೆಗೆ ಬರುತ್ತದೆ. ಕರೆಂಟು ಬಿಲ್ಲು ಸೊನ್ನೆ ಬರುತ್ತದೆ. ಆ ದುಡ್ಡು ನನಗೆ ಉಪಕಾರ ಆಗಿದೆ, ಸುಳ್ಳು ಹೇಳುವುದಿಲ್ಲ. 2024ರ ಲೋಕಸಭೆಗೆ ನಾನು ಅದನ್ನು ಕೊಟ್ಟ ಪಕ್ಷಕ್ಕೆ ಮತ ಹಾಕಲಿಲ್ಲ. ನನ್ನ ನಾದಿನಿ "ತಿಂದ ಮನೆಗೆ ಎರಡು ಬಗೆದೆ" ಎಂದಳು. ತುಂಬಾ ಬೇಜಾರಾಯಿತು.

ಆ ದುಡ್ಡು ಪಕ್ಷದ ಮನೆಯ ದುಡ್ಡಲ್ಲ. ನಾನು ದಾರದ ಉಂಡೆ ತಗೊಂಡರೂ ತೆರಿಗೆ ಕಟ್ಟುತ್ತೇನೆ. ಯೋಜನೆ ನನ್ನ ಹಕ್ಕು. ಮತ ಬೇರೆ. ನನ್ನ ಮಗ ಸೈನ್ಯಕ್ಕೆ ಸೇರಬೇಕೆಂದು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡುತ್ತಾನೆ. ದಿಲ್ಲಿಗೆ ಮತ ಹಾಕುವಾಗ ನಾನು ಅವನನ್ನು ಇಟ್ಟುಕೊಂಡು ಯೋಚಿಸುತ್ತೇನೆ. ಗಡಿ ನೋಡಿಕೊಳ್ಳುವವರು ಯಾರು ಎಂದು ಯೋಚಿಸುತ್ತೇನೆ. ಇದು ನನ್ನ ಹಿತ ಅಲ್ಲ ಎಂದು ಹೇಳುವವರು ಯಾರು?

ಬಿಜೈ ಮಾಸ್ಟ್ರು

ನೀವು ಹೇಳಿದ್ದು ಸರಿ ಅಕ್ಕ. ಇನ್ನೊಂದು ನೋಡಿ. ದೊಡ್ಡ ಸಂಬಳದವನು ತನ್ನ ಮೇಲೆ ಜಾಸ್ತಿ ತೆರಿಗೆ ಹಾಕುವ ಪಕ್ಷಕ್ಕೆ ಮತ ಹಾಕಿದರೆ ಅವನನ್ನು ಆದರ್ಶವಾದಿ ಎನ್ನುತ್ತೇವೆ. ಬಡವನು ತನಗೆ ದುಡ್ಡು ಕೊಡದ ಪಕ್ಷಕ್ಕೆ ಹಾಕಿದರೆ ಮಾತ್ರ ಮೂರ್ಖ ಎನ್ನುತ್ತೇವೆ. ಇಬ್ಬರೂ ಮಾಡಿದ್ದು ಒಂದೇ. ಬಡವನಿಗೆ ಹೊಟ್ಟೆ ಬಿಟ್ಟು ಬೇರೆ ಯೋಚನೆ ಇರಬಾರದು ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಅದು ನನಗೆ ತುಂಬಾ ನೋವಿನ ವಿಷಯ.

ಸುರತ್ಕಲ್ ಹುಡುಗ

ಕರಾವಳಿಯಲ್ಲಿ ಶಕ್ತಿ ಯೋಜನೆಯ ಲಾಭ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಮಂಗಳೂರು, ಉಡುಪಿಯಲ್ಲಿ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸು. ನನ್ನ ಅಮ್ಮ ಸರ್ಕಾರಿ ನರ್ಮ್ ಬಸ್ಸಿಗೆ ಕಾಯುತ್ತಾ ನಿಂತರೆ ಎದುರಿಂದ ಆರು ಪ್ರೈವೇಟ್ ಸರ್ವಿಸ್ ಬಸ್ಸು ಹೋಗುತ್ತದೆ. ಕೊನೆಗೆ ದುಡ್ಡು ಕೊಟ್ಟೇ ಹತ್ತುತ್ತಾರೆ. ಬೆಂಗಳೂರಿನಲ್ಲಿ ಕೂತು ಅಂಕಿ ನೋಡಿದವರಿಗೆ 'ಇಷ್ಟು ಕೊಟ್ಟರೂ ಕರಾವಳಿಯವರು ಮತ ಹಾಕಲಿಲ್ಲ' ಎಂದು ಕಾಣುತ್ತದೆ. ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬೇರೆ ಕಾಣುತ್ತದೆ.

ಮಲ್ಪೆ ದಕ್ಕೆ

ನಾನು ಜಾಸ್ತಿ ಓದಿದವನಲ್ಲ. ಇಪ್ಪತ್ತಾರು ವರ್ಷ ಬೋಟಿನಲ್ಲಿ ಹೋಗಿದ್ದೇನೆ.

ಬ್ಯಾಂಕಿನ ಸರ್ ಕೇಳಿದರು, ಆ ನೋವು ಎಲ್ಲಿಗೆ ಹೋಯಿತು ಎಂದು. ನಮ್ಮದು ಕೇಳಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ವಾಪಸು ಬರಲಿಲ್ಲ. ಏಳು ಮಂದಿ ಇದ್ದರು. ಜನವರಿಯಲ್ಲಿ ನಾವೆಲ್ಲ ರಸ್ತೆಗಿಳಿದೆವು. ಏಪ್ರಿಲ್ 18ಕ್ಕೆ ಮತ ಹಾಕುವಾಗಲೂ ಬೋಟು ಸಿಕ್ಕಿರಲಿಲ್ಲ. ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಕಡಲಿನಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿತು.

ಆ ದಿನ ಮತಗಟ್ಟೆಯ ಒಳಗೆ ನಾನು ಒಂದು ಗಳಿಗೆ ಸುಮ್ನೆ ನಿಂತೆ. ತಲೆಯಲ್ಲಿ ಆ ಏಳು ಮಂದಿ ಇದ್ದಾರೆ. ಡೀಸೆಲ್ ಸಬ್ಸಿಡಿ ಇದೆ. ನಾಡದೋಣಿಯವರ ಸೀಮೆಎಣ್ಣೆ ಇದೆ. ಮಗಳ ಕಾಲೇಜು ಫೀಸ್ ಇದೆ. ದೇವರು, ಧರ್ಮ, ದೇಶ ಎಲ್ಲ ಇದೆ. ಮೆಷಿನಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಬಟನ್ ಇಲ್ಲ. ಒಬ್ಬರ ಹೆಸರಿಗೆ ಒಂದೇ ಬಟನ್. ಅದನ್ನು ಒತ್ತಿದರೆ ಅವರದ್ದೆಲ್ಲವನ್ನೂ ಒಪ್ಪಿದ ಹಾಗೆ ಲೆಕ್ಕ. ಮೀನು ಹರಾಜಿನಲ್ಲಿ ಬುಟ್ಟಿ ಇಡಿಯಾಗಿ ಹೋಗುತ್ತದಲ್ಲ, ಹಾಗೆ. ಅದರೊಳಗೆ ಕೊಳೆತದ್ದು ನಾಲ್ಕು ಇದೆ ಎಂದು ಗೊತ್ತಿದ್ದೂ ತಗೊಳ್ಳುತ್ತೇವೆ.

ಇನ್ನೊಂದು ವಿಷಯ. ರಾತ್ರಿ ಒಂದು ಗಂಟೆಗೆ ನನ್ನ ಹೆಂಡತಿಗೆ ಎದೆನೋವು ಬಂದಾಗ ಕಾರು ತಂದವನು ನಮ್ಮ ವಾರ್ಡಿನ ಒಬ್ಬ ಕಾರ್ಯಕರ್ತ. ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಕೂತ. ನಾನು ಅವನ ಪಕ್ಷಕ್ಕೆ ಹಾಕುತ್ತೇನೆ. ಅವನ ಪಕ್ಷ ದಿಲ್ಲಿಯಲ್ಲಿ ಏನು ಮಾಡುತ್ತದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅವನು ಬಂದ, ಅಷ್ಟು ಗೊತ್ತು.

ಸುರತ್ಕಲ್ ಹುಡುಗ

ಅಣ್ಣ, ಒಂದು ಬಟನ್ ಇತ್ತು. ನೋಟಾ. 2024ರಲ್ಲಿ ದಕ್ಷಿಣ ಕನ್ನಡದಲ್ಲಿ 23 ಸಾವಿರಕ್ಕಿಂತ ಜಾಸ್ತಿ ಮಂದಿ ಅದನ್ನು ಒತ್ತಿದರು. ಬೆಳ್ತಂಗಡಿ ಕಡೆಯ ಒಬ್ಬ ವಿದ್ಯಾರ್ಥಿನಿಯ ಸಾವಿಗೆ ಇನ್ನೂ ನ್ಯಾಯ ಸಿಗಲಿಲ್ಲ ಎಂದು ಅಭಿಯಾನ ಮಾಡಿದ್ದರು. ಒತ್ತಿದವರಿಗೆ ಅದರಿಂದ ಐದು ಪೈಸೆ ಸಿಗುವುದಿಲ್ಲ. ಯಾರದೋ ಮಗಳಿಗಾಗಿ ಒತ್ತಿದರು.

ಮಲ್ಪೆ ದಕ್ಕೆ

ಹೌದು ತಮ್ಮ. ಅದನ್ನು ನಾನು ಮರೆತಿದ್ದೆ. ಆದರೆ ಅಷ್ಟು ಮತ ಯಾರನ್ನೂ ಗೆಲ್ಲಿಸಲಿಲ್ಲ, ಯಾರನ್ನೂ ಸೋಲಿಸಲೂ ಇಲ್ಲ.

ಬಂದರಿನ ಅಂಗಡಿಯವ

ನಮ್ಮ ಓಣಿಯ ಕಥೆ ಹೇಳದಿದ್ದರೆ ಈ ಚರ್ಚೆ ಪೂರ್ತಿ ಆಗುವುದಿಲ್ಲ ಮಾರಾಯ್ರೆ.

ಮಳೆಗಾಲ ಬಂದರೆ ಚರಂಡಿ ನೀರು ನನ್ನ ಅಂಗಡಿಯ ಒಳಗೆ ಬರುತ್ತದೆ. ಕೆಳಗಿನ ಸಾಲಿನ ಮೂಟೆಗಳನ್ನು ಮೇ ಕೊನೆಗೇ ಎತ್ತಿಡುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ. ಇಪ್ಪತ್ತು ವರ್ಷದಿಂದ ನಮ್ಮ ಮನೆಯವರು ಒಂದೇ ಪಕ್ಷಕ್ಕೆ ಮತ ಹಾಕುತ್ತಿದ್ದೇವೆ. "ನಿಮಗೆ ಅವರು ಏನು ಮಾಡಿದ್ದಾರೆ ಎಂದು ಹಾಕುತ್ತೀರಿ? ನಿಮ್ಮನ್ನು ಮತಬ್ಯಾಂಕ್ ಮಾಡಿಕೊಂಡಿದ್ದಾರೆ" ಎಂದು ಗಿರಾಕಿಗಳೇ ಹೇಳುತ್ತಾರೆ. ಅವರು ಹೇಳುವುದರಲ್ಲಿ ಸತ್ಯ ಇದೆ. ಹೇಗಿದ್ದರೂ ನಮಗೇ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ನಮ್ಮ ಚರಂಡಿ ಯಾರು ನೋಡುತ್ತಾರೆ?

ಆದರೂ ಹಾಕುತ್ತೇನೆ. ಊರಲ್ಲಿ ಒಂದು ಕೊಲೆ ಆದರೆ, ಶಟರ್ ಎಳೆದು ಒಳಗೆ ಕೂತು, ಕಾಲೇಜಿಗೆ ಹೋದ ಮಗಳು ಮನೆ ಮುಟ್ಟಿದಳಾ ಎಂದು ಹತ್ತು ಸಲ ಫೋನ್ ಮಾಡಿದ ದಿನಗಳಿವೆ. 144 ಹಾಕಿದ ದಿನಗಳಿವೆ. ಆ ಭಯ ಇಟ್ಟುಕೊಂಡು ಚರಂಡಿಯ ಲೆಕ್ಕ ಹಾಕಲು ಆಗುವುದಿಲ್ಲ. ನಮಗೆ ಹಿತ ಅಂದರೆ ಮೊದಲು ರಾತ್ರಿ ನೆಮ್ಮದಿಯಿಂದ ಮಲಗುವುದು. ಬಾಕಿ ಎಲ್ಲ ಆಮೇಲೆ.

ಬೇರೆ ಕಡೆಯವರಿಗೂ ಹೀಗೇ ಏನೋ ಒಂದು ಭಯ ಇರಬಹುದು ಎಂದು ನಾನು ಈಚೆಗೆ ಯೋಚಿಸುತ್ತೇನೆ. ಅದು ನಿಜವೋ ಯಾರೋ ಹುಟ್ಟಿಸಿದ್ದೋ, ಆ ಮಾತು ಬೇರೆ. ಹೆದರಿದವನಿಗೆ ಹೆದರಿಕೆ ನಿಜವೇ.

ಕುಂದಾಪ್ರದ ಟೈಲರಕ್ಕ

ಅಣ್ಣ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾವಿಬ್ಬರು ಬೇರೆ ಬೇರೆ ಪಕ್ಷಕ್ಕೆ ಹಾಕುವವರು. ಮಕ್ಕಳನ್ನು ಇಟ್ಟುಕೊಂಡು ಯೋಚಿಸುವುದು ಮಾತ್ರ ಒಂದೇ ರೀತಿ.

ಶಿರ್ವದ ನರ್ಸ್

ನಾನು ಈಗ ಇರುವುದು ವೇಲ್ಸ್‌ನಲ್ಲಿ. ಇಲ್ಲಿ ಎಬ್ಬು ವೇಲ್ ಎಂದು ಒಂದು ಊರು. ಉಕ್ಕಿನ ಕಾರ್ಖಾನೆಯಿಂದ ಬದುಕಿದ ಊರು. 2002ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಯುರೋಪಿಯನ್ ಒಕ್ಕೂಟ ಆ ಪ್ರದೇಶಕ್ಕೆ ತುಂಬಾ ಹಣ ಕೊಟ್ಟಿತು. ಕಾಲೇಜು, ರಸ್ತೆ, ತರಬೇತಿ ಎಲ್ಲ ಅದರಿಂದ ಆಯಿತು. 2016ರ ಜೂನ್ 23ರಂದು ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಎಂದು ಜನಮತ ಕೇಳಿದಾಗ, ಆ ಊರು ಇರುವ ಬ್ಲೈನೈ ಗ್ವೆಂಟ್ ಪ್ರದೇಶದಲ್ಲಿ 62 ಶೇಕಡಾ ಜನ 'ಬಿಡಬೇಕು' ಎಂದರು. ಇಡೀ ವೇಲ್ಸ್‌ನಲ್ಲಿ ಅದೇ ಜಾಸ್ತಿ.

ಪತ್ರಿಕೆಯವರೆಲ್ಲ ಆ ಊರಿಗೆ ಓಡಿದರು. ತಮಗೆ ದುಡ್ಡು ಕೊಟ್ಟ ಕೈಯನ್ನೇ ಯಾಕೆ ಬಿಟ್ಟರು ಎಂದು. ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕರು ಇದ್ದರು, ಆ ಕಾರ್ಖಾನೆಯಲ್ಲಿ ದುಡಿದವರು. ನಾನು ಡ್ರೆಸ್ಸಿಂಗ್ ಮಾಡುವಾಗ ಅವರೇ ಮಾತು ತೆಗೆದರು. ಹೊಸ ರಸ್ತೆ ಚೆನ್ನಾಗಿದೆ, ನನ್ನ ಮೊಮ್ಮಕ್ಕಳು ಅದೇ ರಸ್ತೆಯಲ್ಲಿ ಊರು ಬಿಟ್ಟು ಹೋದರು ಎಂದರು. ನನಗೆ ತಟ್ಟನೆ ನಮ್ಮ ಮನೆ ನೆನಪಾಯಿತು. ನಮ್ಮ ಅಪ್ಪನ ಮನೆಗೂ ಈಗ ಒಳ್ಳೆಯ ಕಾಂಕ್ರೀಟು ರಸ್ತೆ ಬಂದಿದೆ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ.

ಜನರಿಗೆ ಬೇಕಾದ್ದು ರಸ್ತೆ ಅಲ್ಲ ಎಂದಲ್ಲ. ಅವರು ಕಳೆದುಕೊಂಡದ್ದು ಒಂದು, ಬದಲಿಗೆ ಸಿಕ್ಕಿದ್ದು ಇನ್ನೊಂದು. ಕೊಟ್ಟವರು ಪಟ್ಟಿ ಹಿಡಿದು ಲೆಕ್ಕ ಸರಿಯಾಯಿತು ಎನ್ನುತ್ತಾರೆ. ಕಳೆದುಕೊಂಡವರಿಗೆ ಸರಿಯಾಗಿರುವುದಿಲ್ಲ.

ನಿವೃತ್ತ ಬ್ಯಾಂಕಿನವ

ಎಲ್ಲರ ಮಾತು ಎರಡೆರಡು ಸಲ ಓದಿದೆ. ಮನಸ್ಸಿಗೆ ತಟ್ಟಿತು. ಆದರೂ ಒಂದು ವಿಷಯಕ್ಕೆ ನಾನು ಒಪ್ಪುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ಮಾನ, ಭಯ, ಋಣ, ಮಾತು ಎಂದು ನಾವು ಎಲ್ಲವನ್ನೂ ಅರ್ಥ ಮಾಡಿಕೊಂಡು ಹೋದರೆ ನಷ್ಟ ಆದದ್ದು ಹೋಗುತ್ತದಾ? ಪಾಂಗಾಳದ ಅಕ್ಕನ ಅಜ್ಜ ಮಾತು ಉಳಿಸಿದರು, ಸರಿ. ಅವರ ಮಗಳು ಹೊಗೆಸೊಪ್ಪಿನ ಧೂಳು ಕುಡಿಯುತ್ತಾ ಸಾವಿರ ಬೀಡಿಗೆ ಇಷ್ಟು ಎಂದು ಬೆನ್ನು ಬಗ್ಗಿಸಿದರು. ಆ ಮಾತಿನ ಬೆಲೆ ಕೊಟ್ಟದ್ದು ಮಾತು ಕೊಟ್ಟವರಲ್ಲ, ಮುಂದಿನವರು. ಧನಿಗಳಿಗೆ ಆ ಮಾತಿನಿಂದ ಏನೂ ಖರ್ಚಾಗಲಿಲ್ಲ. ನಿಯತ್ತು ಎಂಬುದು ಒಂದೇ ಕಡೆಯಿಂದ ಹರಿದರೆ ಅದನ್ನು ಬಳಸಿಕೊಳ್ಳುವವರು ಇದ್ದೇ ಇರುತ್ತಾರೆ. ಇವತ್ತೂ ಇದ್ದಾರೆ. ಎಲ್ಲ ಪಕ್ಷಗಳಲ್ಲೂ ಇದ್ದಾರೆ. ನಮ್ಮ ಭಯ ಎಲ್ಲಿದೆ, ಋಣ ಎಲ್ಲಿದೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜನ ದಡ್ಡರಲ್ಲ ಎಂದು ನಾನೂ ಹೇಳುತ್ತೇನೆ. ಆದರೆ ಜನ ಮೋಸ ಹೋಗುವುದೇ ಇಲ್ಲ ಎಂದು ಹೇಳಲಾರೆ.

ಬಿಜೈ ಮಾಸ್ಟ್ರು

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ನೀವು ಹೇಳಿದ್ದು ಸರಿ ಇದೆ.

ಸುರತ್ಕಲ್ ಹುಡುಗ

ಸರ್, ನನ್ನದು ಒಂದು ಅನುಭವ. ಸುರತ್ಕಲ್ ಟೋಲ್‌ಗೇಟ್ ತೆಗೆಯಬೇಕು ಎಂದು 2022ರ ಅಕ್ಟೋಬರಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದರು. ನಾನೂ ಕೆಲವು ರಾತ್ರಿ ಕೂತಿದ್ದೆ. ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಆರು ತಿಂಗಳೂ ಆಗಿಲ್ಲ, 2023ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದು ಸರ್ಕಾರ ಬದಲಾಯಿತು. ನಮ್ಮ ಕ್ಷೇತ್ರದಲ್ಲಿ ಅದೇ ಶಾಸಕರು, ಅದೇ ಪಕ್ಷ. ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳ 13 ಕ್ಷೇತ್ರಗಳಲ್ಲಿ 11 ಬಿಜೆಪಿಗೆ.

ಧರಣಿಯಲ್ಲಿ ನನ್ನ ಪಕ್ಕ ಚಾಪೆ ಹಾಕಿ ಮಲಗಿದ್ದ ಒಬ್ಬರನ್ನು ಆಮೇಲೆ ಕೇಳಿದೆ. ನೀವೂ ಅವರಿಗೇ ಹಾಕಿದಿರಾ ಎಂದು. ಹೌದು ಎಂದರು. "ಟೋಲ್ ತೆಗೆಸಲಿಕ್ಕೆ ಧರಣಿ ಕೂತೆ. ಮತ ಅದಕ್ಕೆ ಅಲ್ಲ" ಎಂದರು. ಅವರ ಮುಖದಲ್ಲಿ ಗೊಂದಲವೇ ಇರಲಿಲ್ಲ. ನನಗೆ ಆಗ ಸಿಟ್ಟು ಬಂದಿತ್ತು. ಈಗ ಬೇರೆ ರೀತಿ ಕಾಣುತ್ತದೆ. ಅವರು ಹಿತವನ್ನು ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಪಡೆಯುವ ಜಾಗ ಮತಗಟ್ಟೆ ಎಂದು ಅವರು ನಂಬಿಲ್ಲ, ಅಷ್ಟೇ. ಟೋಲ್ ಹೋದದ್ದೂ ಮತದಿಂದ ಅಲ್ಲವಲ್ಲ.

ನಿವೃತ್ತ ಬ್ಯಾಂಕಿನವ

ಬ್ಯಾಂಕಿಗಾಗಿ ನಾವು ಯಾರೂ ಚಾಪೆ ಹಾಕಿ ಮಲಗಲಿಲ್ಲ ತಮ್ಮ. ಮನವಿ ಕೊಟ್ಟು ಮನೆಗೆ ಹೋದೆವು.

ಪಾಂಗಾಳದ ಮಗಳು

ಮೂರು ದಿನ ಬರಲಾಗಲಿಲ್ಲ, ಕ್ಷಮಿಸಿ. ಬ್ಯಾಂಕಿನ ಸರ್ ಬರೆದದ್ದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ರಾತ್ರಿ ಅಮ್ಮನನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಅಮ್ಮನಿಗೆ ಈಗ 71. ಬೀಡಿ ಬಿಟ್ಟು ಹತ್ತು ವರ್ಷ ಆಯಿತು. ಕೈ ಸುಮ್ಮನಿರುವುದಿಲ್ಲ, ಮಾತಾಡುವಾಗಲೂ ಬೆರಳುಗಳು ಎಲೆ ಸುತ್ತಿದ ಹಾಗೆ ಆಡುತ್ತವೆ. ಅಜ್ಜ ಡಿಕ್ಲರೇಶನ್ ಹಾಕದೆ ಇದ್ದದ್ದು ಸರಿಯಾ ಎಂದು ಕೇಳಿದೆ. ನಾನು ಅಂದುಕೊಂಡದ್ದು ಅವರು ಅಜ್ಜನ ಪರ ಮಾತಾಡುತ್ತಾರೆ ಎಂದು. ಅಮ್ಮ ಹೇಳಿದರು, "ಸರಿ ಅಲ್ಲ. ಅಪ್ಪ ಸಾಯುವವರೆಗೆ ನಾನು ಅವರ ಹತ್ತಿರ ಆ ವಿಷಯ ಮಾತಾಡಲಿಲ್ಲ. ಆದರೆ ಕ್ಷಮಿಸಲೂ ಇಲ್ಲ."

ಕಡೆಯ ದಿನ, ಜೂನ್ 30ಕ್ಕೆ, ಅಮ್ಮ ಫಾರಂ ತಂದು ಅಜ್ಜನ ಎದುರು ಇಟ್ಟಿದ್ದರಂತೆ. ಯಾರಿಂದಲೋ ತುಂಬಿಸಿಯೂ ತಂದಿದ್ದರಂತೆ. ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಅಜ್ಜ ಅದನ್ನು ಮಡಚಿ ಹೊರಗೆ ಮಳೆಗೆ ಎಸೆದರಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಕೇಳಿದೆ, ನೀನು ಯಾರಿಗೆ ಮತ ಹಾಕುತ್ತೀ ಎಂದು. ಅದನ್ನೂ ಇಷ್ಟು ವರ್ಷ ಕೇಳಿರಲಿಲ್ಲ. ಅಮ್ಮ ಹೇಳಿದ ಮಾತು ಹಾಗೇ ಬರೆಯುತ್ತೇನೆ. "ಧನಿಗಳ ಮನೆಯವರು ಯಾವುದಕ್ಕೆ ಹಾಕುತ್ತಾರೆ ಎಂದು ವಿಚಾರಿಸುತ್ತೇನೆ. ಅದಕ್ಕೆ ಹಾಕುವುದಿಲ್ಲ."

ಮೊದಲು ಧನಿಗಳ ಮನೆ ಒಂದು ಪಕ್ಷದಲ್ಲಿತ್ತು. ಅಮ್ಮ ಇನ್ನೊಂದಕ್ಕೆ ಹಾಕಿದರು. ಮುಂದೆ ಆ ಮನೆಯ ಮಕ್ಕಳು ಪಕ್ಷ ಬದಲಿಸಿದರು. ಅಮ್ಮನೂ ಬದಲಿಸಿದರು, ಈ ಕಡೆಯಿಂದ ಆ ಕಡೆಗೆ. ಸಾಲ ಮೇಳ, ಬ್ಯಾಂಕು, ಎರಡು ಸಾವಿರ, ದೇಶ, ಧರ್ಮ ಯಾವುದೂ ಅವರ ಲೆಕ್ಕದಲ್ಲಿ ಇಲ್ಲ. ಬೀಡಿ ಕೆಲಸಕ್ಕೆ ಪೆಟ್ಟು ಬಿದ್ದಾಗಲೂ ಆ ಲೆಕ್ಕ ಬದಲಾಗಲಿಲ್ಲ. 1979ರ ಮಳೆಯಲ್ಲಿ ಹೋದ ಆ ಕಾಗದವನ್ನು ಐದು ವರ್ಷಕ್ಕೊಮ್ಮೆ ಅವರು ಮತಗಟ್ಟೆಯಲ್ಲಿ ಹಾಕಿ ಬರುತ್ತಾರೆ.

"ಇದರಿಂದ ನಿನಗೆ ಏನು ಸಿಕ್ಕಿತು ಅಮ್ಮ?" ಎಂದೆ. ಅವರು ನನ್ನ ಮುಖ ನೋಡಿದರು. ಆ ಪ್ರಶ್ನೆಯೇ ಅವರಿಗೆ ಅರ್ಥ ಆಗಲಿಲ್ಲ ಎಂದು ನನಗೆ ಅನಿಸಿತು.

ಮಲ್ಪೆ ದಕ್ಕೆ

ಅಕ್ಕ, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನೀವು ಸರ್ಕಾರಿ ಜಾಗದಲ್ಲಿ ಮನೆ ಎಂದು ಬರೆದಿದ್ದಿರಿ. ಅದನ್ನು ಸಕ್ರಮ ಮಾಡಿಸುವ 94ಸಿ ಅರ್ಜಿ ಹಾಕಿದ್ದೀರಾ? ಹಕ್ಕುಪತ್ರ ಆಯಿತಾ?

ಪಾಂಗಾಳದ ಮಗಳು

ಹಾಕಿದ್ದೇವೆ ಅಣ್ಣ. ಅಮ್ಮನೇ ಹಾಕಿದ್ದು, ಹೆಬ್ಬೆಟ್ಟು ಅಲ್ಲ, ಸಹಿ ಮಾಡಿ. ಸಹಿ ಕಲಿಸಿದ್ದು ನಾನು. ಕಡತ ಎಲ್ಲೋ ನಿಂತಿದೆ. ಕಚೇರಿಗೆ ಹೋದರೆ ಸರ್ವೆ ಆಗಬೇಕು ಎನ್ನುತ್ತಾರೆ, ಸರ್ವೆಯವರನ್ನು ಕೇಳಿದರೆ ಕಡತ ಬರಬೇಕು ಎನ್ನುತ್ತಾರೆ. ಹೀಗೆ ಆರು ವರ್ಷ ಆಯಿತು.

ನಿವೃತ್ತ ಬ್ಯಾಂಕಿನವ

ಅರ್ಜಿಯ ನಂಬರು, ಸ್ವೀಕೃತಿ ಚೀಟಿ ಎರಡರದ್ದೂ ಜೆರಾಕ್ಸ್ ಇಟ್ಟುಕೊಳ್ಳಿ ಅಕ್ಕ. ಮಾಹಿತಿ ಹಕ್ಕಿನಲ್ಲಿ ಕಡತ ಯಾರ ಮೇಜಿನಲ್ಲಿದೆ ಎಂದು ಬರೆದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಗೆ 10 ರೂಪಾಯಿ ಸಾಕು. ಕಾಗದ ನಾನು ಬರೆದು ಕೊಡುತ್ತೇನೆ. ನನಗೆ ಈಗ ಸಮಯ ಇದೆ.

ಸುರತ್ಕಲ್ ಹುಡುಗ

ಅಕ್ಕ, ಕಚೇರಿಗೆ ಹೋಗುವ ದಿನ ಹೇಳಿ. ನಾನೂ ಬರುತ್ತೇನೆ.

ಪಾಂಗಾಳದ ಮಗಳು

ಸೋಮವಾರ ರಜೆ ಹಾಕಿದ್ದೇನೆ. ಹತ್ತು ಗಂಟೆಗೆ ಕಚೇರಿಯ ಎದುರು ಸಿಗೋಣ. ಅಮ್ಮನೂ ಬರುತ್ತಾರಂತೆ. ಕಾಗದವನ್ನು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಈಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.